ಹಲಗೆಯ ಮೇಲೊಂದು ಕಡಲು, ದಡದಲ್ಲೊಂದು ರೈಲು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಪುಟ್ಟ ಊರಿಗೆ ಈಗ ರೈಲಿಲ್ಲ. 1903ರಲ್ಲಿ ಬಂದ ರೈಲು 1965ರ ನವೆಂಬರಿನಲ್ಲಿ ನಿಂತುಹೋಯಿತು. ಹಳಿಗಳನ್ನು ಕಿತ್ತು ಸಾಗಿಸಿದರು. ನಿಲ್ದಾಣದ ಕಟ್ಟಡವನ್ನೂ ಬಿಚ್ಚಿಕೊಂಡು ಹೋಗಿ ಆಲ್ರೆಸ್‌ಫರ್ಡ್ ಎಂಬ ಬೇರೊಂದು ಊರಿನಲ್ಲಿ ಮತ್ತೆ ಕಟ್ಟಿದರು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಐವತ್ತು ವರ್ಷಗಳ ಬಳಿಕ, 2015ರಲ್ಲಿ, ಆ ದಾರಿಯಲ್ಲಿ ಓಡಾಡುತ್ತಿದ್ದ ಹಳೆಯ ಉಗಿ ಎಂಜಿನ್ನಿನ ಪುಟಾಣಿ ಮಾದರಿಯನ್ನು ಹಾರ್ನ್‌ಬಿ ಮತ್ತು ಆಕ್ಸ್‌ಫರ್ಡ್ ರೈಲ್ ಎಂಬ ಎರಡು ಕಂಪೆನಿಗಳು ಒಂದೇ ವರ್ಷ ಪೈಪೋಟಿಯ ಮೇಲೆ ಮಾರುಕಟ್ಟೆಗೆ ತಂದವು. ಇಲ್ಲವಾದ ದಾರಿಯ ಎಂಜಿನ್ನಿಗೆ ಗಿರಾಕಿಗಳು ಯಾರು?

ಮನೆಯ ಅಟ್ಟದಲ್ಲೋ, ಕಾರು ನಿಲ್ಲಿಸುವ ಶೆಡ್ಡಿನಲ್ಲೋ, ಮಲಗುವ ಕೋಣೆಯ ಗೋಡೆಗೆ ಒರಗಿಸಿದ ಹಲಗೆಯ ಮೇಲೋ ಚಿಕ್ಕದೊಂದು ರೈಲು ಮಾರ್ಗ ಕಟ್ಟುವವರೇ ಆ ಗಿರಾಕಿಗಳು. ತಾವು ಕಟ್ಟುವುದನ್ನು ಅವರು ‘ಲೇಔಟ್’ ಎನ್ನುತ್ತಾರೆ. ಲೇಔಟ್ ಎಂದೊಡನೆ ನಮಗೆ ನೆನಪಾಗುವುದು ಸೈಟು, ಅದರ ಬೆಲೆ. ಅವರ ಲೇಔಟಿಗೂ ಜಾಗದ್ದೇ ಚಿಂತೆ, ಆದರೆ ಅಳತೆ ಮಾತ್ರ ಬೇರೆ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಡಬಲ್ ಓ’ ಎಂಬ ಅಳತೆ. ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಅಂದರೆ ಎಲ್ಲವೂ ಸುಮಾರು 76ರಲ್ಲಿ ಒಂದು ಪಾಲು. ಆರಡಿ ಎತ್ತರದ ಸ್ಟೇಷನ್ ಮಾಸ್ತರ ಇಲ್ಲಿ ಒಂದು ಅಂಗುಲಕ್ಕೂ ಕಡಿಮೆ.

ಇಷ್ಟು ಕುಗ್ಗಿಸಿದ ಮೇಲೆ ಜಾಗದ ತಾಪತ್ರಯವೇನು ಎಂದು ಕೇಳಬಹುದು. ಕೊಂಕಣ ರೈಲ್ವೆಯಲ್ಲಿ ಹೊನ್ನಾವರದ ಬಳಿ ಶರಾವತಿಗೆ ಅಡ್ಡಲಾಗಿ ಕಟ್ಟಿದ ಸೇತುವೆಯನ್ನು ನೀವು ನೋಡಿರಬಹುದು. ಉದ್ದ 2,065 ಮೀಟರ್. ಡಬಲ್ ಓ ಅಳತೆಯಲ್ಲಿ ಆ ಸೇತುವೆಯೊಂದನ್ನೇ ಕಟ್ಟಿದರೂ 27 ಮೀಟರ್ ಬೇಕು. ಮೂವತ್ತು-ನಲವತ್ತರ ಸೈಟಿನ ಉದ್ದದ ಎರಡು ಪಟ್ಟಿಗೂ ಹೆಚ್ಚು! ಆಕ್ಸ್‌ಮಿನ್‌ಸ್ಟರಿನಿಂದ ಲೈಮ್ ರೀಜಿಸಿಗೆ ಇದ್ದ ದೂರ ಏಳು ಮೈಲಿಗೂ ಕಡಿಮೆ. ಅದನ್ನು ಇದ್ದ ಹಾಗೆ ತೋರಿಸಲು 140 ಮೀಟರ್ ಉದ್ದದ ಹಲಗೆ ಬೇಕು. ಹತ್ತಡಿ ಜಾಗ ಉಳ್ಳವನು ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬುದೇ ಈ ಹವ್ಯಾಸದ ಮುಖ್ಯ ಪ್ರಶ್ನೆ. ಕಡಲು ಈ ಹಲಗೆಯ ಮೇಲೆ ಬಂದದ್ದು ಆ ಪ್ರಶ್ನೆಗೆ ಉತ್ತರವಾಗಿ.

ಆಟಿಕೆಯಿಂದ ಊರಿನತ್ತ

ಮೊದಲು ಇದು ಶ್ರೀಮಂತರ ಮಕ್ಕಳ ಆಟಿಕೆಯಾಗಿತ್ತು. ಜರ್ಮನಿಯ ಮ್ಯಾರ್ಕ್ಲಿನ್ ಕಂಪೆನಿ 1891ರ ಲೈಪ್‌ಜಿಗ್ ಮೇಳದಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನು, ಒಂದಕ್ಕೊಂದು ಜೋಡಿಸಬಹುದಾದ ಹಳಿಗಳ ಸಮೇತ ಪ್ರದರ್ಶಿಸಿತು. ಗಾತ್ರಗಳನ್ನು ನಿಗದಿ ಮಾಡಿದ್ದು ಅದರ ಜಾಣತನ. ಒಂದು ವರ್ಷದ ಹಬ್ಬಕ್ಕೆ ಎಂಜಿನ್ ಕೊಂಡವರು ಮುಂದಿನ ವರ್ಷ ಬೋಗಿ, ಅದರ ಮುಂದಿನ ವರ್ಷ ಇನ್ನಷ್ಟು ಹಳಿ ಕೊಳ್ಳಬಹುದಿತ್ತು. ಲಿವರ್‌ಪೂಲಿನಲ್ಲಿ ‘ಮೆಕ್ಯಾನೋ’ ಆಟಿಕೆಯಿಂದ ಹೆಸರಾಗಿದ್ದ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ರೈಲು ತಂದ. 1938ರಲ್ಲಿ ಅದೇ ಕಂಪೆನಿಯಿಂದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾದ ‘ಹಾರ್ನ್‌ಬಿ ಡಬ್ಲೋ’ ಬಂತು.

ಡಬಲ್ ಓ ಅಳತೆಯಲ್ಲಿ ಒಂದು ವಿಚಿತ್ರವಿದೆ. ಯೂರೋಪಿನವರು ನಿಜದ ಅಡಿಗೆ ಮೂರೂವರೆ ಮಿಲಿಮೀಟರ್ ಲೆಕ್ಕದಲ್ಲಿ, 16.5 ಮಿಲಿಮೀಟರ್ ಅಂತರದ ಹಳಿ ಮಾಡಿಕೊಂಡಿದ್ದರು. ಬ್ರಿಟನ್ನಿನ ಸುರಂಗ, ಸೇತುವೆಗಳು ಇಕ್ಕಟ್ಟು. ಹಾಗಾಗಿ ಅಲ್ಲಿನ ಎಂಜಿನ್ನುಗಳೂ ಚಿಕ್ಕವು. ಮೂರೂವರೆ ಮಿಲಿಮೀಟರ್ ಲೆಕ್ಕದಲ್ಲಿ ಅವನ್ನು ಕುಗ್ಗಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಸರಿ, ಎಂಜಿನ್ನಿನ ಮೈಯನ್ನು ಅಡಿಗೆ 4 ಮಿಲಿಮೀಟರಿಗೆ ಹಿಗ್ಗಿಸಿ, ಹಳಿಯನ್ನು ಮಾತ್ರ ಹಾಗೇ ಬಿಟ್ಟರು! ಲೆಕ್ಕದ ಪ್ರಕಾರ 18.83 ಮಿಲಿಮೀಟರ್ ಅಂತರ ಇರಬೇಕಾದಲ್ಲಿ ಇಂದಿಗೂ ಇರುವುದು 16.5. ಕೆಲವು ಹಟವಾದಿಗಳು ಮಾತ್ರ ಸರಿಯಾದ ಅಂತರದ ಹಳಿಯನ್ನು ಕೈಯಾರೆ ಜೋಡಿಸುತ್ತಾರೆ. ಉಳಿದವರು ಕಂಡೂ ಕಾಣದಂತಿದ್ದಾರೆ.

ಆ ದಿನಗಳ ಬಹುಪಾಲು ರೈಲುಗಳು ಬರಿಯ ಹಲಗೆಯ ಮೇಲೆ ಗಿರಕಿ ಹೊಡೆಯುತ್ತಿದ್ದವು. ಎಂಜಿನ್ ಚೆನ್ನಾಗಿದ್ದರೆ ಸಾಕು, ಸುತ್ತ ಏನಿದೆ ಎಂಬುದು ಮುಖ್ಯವಲ್ಲ ಎಂಬ ಭಾವನೆ. ಇದನ್ನು ತಿರುವುಮುರುವು ಮಾಡಿದವರಲ್ಲಿ ಜಾನ್ ಅಹರ್ನ್ ಮುಖ್ಯ. 1930ರ ದಶಕದ ಕೊನೆಯಲ್ಲಿ ಆತ ‘ಮ್ಯಾಡರ್ ವ್ಯಾಲಿ’ ಎಂಬ ಕಾಲ್ಪನಿಕ ಮಾರ್ಗವನ್ನು ಕಟ್ಟತೊಡಗಿದ. ಆತ ಮೊದಲು ಯೋಚಿಸಿದ್ದು ಊರನ್ನು, ಗುಡ್ಡವನ್ನು, ಓಣಿಯನ್ನು. ರೈಲು ಅವುಗಳ ನಡುವೆ ನುಸುಳಿ ಹೋಗುವ ಒಂದು ಸಂಗತಿ ಮಾತ್ರ. ರಟ್ಟು, ಕಾಗದದಲ್ಲಿ ಮಾಡಿದ ಮನೆಗಳು ಒಂದರ ಹಾಗೆ ಇನ್ನೊಂದಿಲ್ಲ. ಮಾರ್ಗದ ಒಂದು ತುದಿಯಲ್ಲಿ ಮ್ಯಾಡರ್‌ಪೋರ್ಟ್ ಎಂಬ ಬಂದರು. ಕಟ್ಟಡ, ನಿಸರ್ಗ, ಎಂಜಿನ್ ಹೀಗೆ ಒಂದೊಂದರ ಮೇಲೂ ಆತ ಬರೆದ ಪುಸ್ತಕಗಳು ಮುಂದಿನ ತಲೆಮಾರಿನ ಹವ್ಯಾಸಿಗಳಿಗೆ ಪಠ್ಯವಾದವು.

ಕಡಲೇ ಏಕೆ?

ಬಂದರು ಆತನ ಮಾರ್ಗದ ತುದಿಗೆ ಬಂದದ್ದರಲ್ಲಿ ಒಂದು ತರ್ಕ ಕಾಣುತ್ತದೆ. ರೈಲು ಹಲಗೆಯ ಅಂಚಿಗೆ ಬಂದು ನಿಂತರೆ ನೋಡುವವರಿಗೆ ಅದು ಹಲಗೆಯ ಅಂಚು. ಅಲ್ಲೊಂದು ಕಡಲಿದ್ದರೆ ಭೂಮಿಯೇ ಮುಗಿಯಿತು. ರೈಲು ನಿಲ್ಲಲೇಬೇಕು, ಯಾರೂ ಪ್ರಶ್ನಿಸುವುದಿಲ್ಲ. ಇನ್ನೊಂದು ಕಡೆ ಗುಡ್ಡ, ಗುಡ್ಡದೊಳಗೆ ಸುರಂಗ. ಸುರಂಗ ಹೊಕ್ಕ ಗಾಡಿ ಪರದೆಯ ಹಿಂದಿನ ಗುಪ್ತ ಹಳಿಗಳಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಕೈಯಿಂದಲೇ ಎಂಜಿನ್ ತಿರುಗಿಸಿ, ಬೋಗಿ ಬದಲಿಸಿ, ಮತ್ತೊಂದು ಗಾಡಿಯಾಗಿ ಹೊರಗೆ ಕಳಿಸುತ್ತಾರೆ. ನಾಟಕದ ನೇಪಥ್ಯವಿದ್ದಂತೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಫಿಡ್ಲ್ ಯಾರ್ಡ್’ ಎನ್ನುತ್ತಾರೆ.

ಇನ್ನೊಂದು ಅನುಕೂಲ ತಿರುವುಗಳದ್ದು. ಆಟಿಕೆ ಹಳಿಯ ಸಾಮಾನ್ಯ ತಿರುವಿನ ತ್ರಿಜ್ಯ 438 ಮಿಲಿಮೀಟರ್. ನಿಜದ ಲೆಕ್ಕಕ್ಕೆ ಹಿಗ್ಗಿಸಿದರೆ ಸುಮಾರು 33 ಮೀಟರ್. ಮುಖ್ಯ ಮಾರ್ಗದ ಯಾವ ರೈಲೂ ಇಂಥ ತಿರುವಿನಲ್ಲಿ ಉಳಿಯದು. ಆದರೆ ಹಡಗುಕಟ್ಟೆಗಳಲ್ಲಿ, ಗೋದಾಮುಗಳ ನಡುವೆ, ಹಳಿಗಳು ನಿಜಕ್ಕೂ ಹೀಗೆ ಮೈ ಮುರಿದು ತಿರುಗುತ್ತಿದ್ದವು. ಚಿಕ್ಕ ಎಂಜಿನ್, ನಾಲ್ಕಾರು ವ್ಯಾಗನ್, ಮೀನಿನ ಬುಟ್ಟಿ, ಕಲ್ಲಿದ್ದಲ ರಾಶಿ. ಬಡವನ ಹಲಗೆಗೆ ಹೇಳಿ ಮಾಡಿಸಿದ ದೃಶ್ಯ. ಯುದ್ಧಾನಂತರದ ಸಣ್ಣ ಮನೆಗಳಿಗೆ ಹೊಂದುವ ನಕ್ಷೆಗಳನ್ನು ‘ರೈಲ್ವೆ ಮಾಡಲರ್’ ಪತ್ರಿಕೆಯ ಸಂಪಾದಕ ಸಿ.ಜೆ. ಫ್ರೀಜರ್ ಬರೆದು ಬರೆದು ಹಂಚಿದ ಮೇಲಂತೂ ಇಂಥ ಪುಟ್ಟ ಲೇಔಟುಗಳಿಗೆ ಬರವಿರಲಿಲ್ಲ.

ಕಡಲನ್ನು ಮಾಡುವುದು ಮಾತ್ರ ಸುಲಭವಲ್ಲ. ಮನೆಯನ್ನು, ಮರವನ್ನು ಕುಗ್ಗಿಸಬಹುದು. ನೀರು ಅಳತೆಗೆ ಬಗ್ಗದು. ತಟ್ಟೆಯಲ್ಲಿ ನಿಜವಾದ ನೀರು ಇಟ್ಟರೆ ಅದು ತಟ್ಟೆಯ ನೀರಾಗಿಯೇ ಕಾಣುತ್ತದೆ. ಹನಿಯ ಗಾತ್ರ, ಅಲೆಯ ವೇಗ ಯಾವುದೂ 76ರಲ್ಲಿ ಒಂದು ಪಾಲು ಆಗುವುದಿಲ್ಲ. ಹಾಗಾಗಿ ಹವ್ಯಾಸಿ ನೀರಿಲ್ಲದ ನೀರನ್ನು ಮಾಡಬೇಕು. ಹಿಂದಿನವರು ಬಚ್ಚಲುಮನೆಯ ಕಿಟಕಿಗೆ ಹಾಕುವ ಉಬ್ಬುತಗ್ಗಿನ ಗಾಜನ್ನು ತಂದು, ಅಡಿಗೆ ಬಣ್ಣ ಬಳಿದು ಹಾಸುತ್ತಿದ್ದರು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆದು, ಅದು ಹಸಿಯಿರುವಾಗಲೇ ಕುಂಚದಿಂದ ಚುಚ್ಚಿ ಅಲೆ ಎಬ್ಬಿಸಿ, ಒಣಗಿದ ಮೇಲೆ ಬಣ್ಣ ಹಚ್ಚಿ ಹಲವು ಸುತ್ತು ವಾರ್ನಿಷ್ ಬಳಿಯುವುದು ಇನ್ನೊಂದು ದಾರಿ. ಈಚಿನವರು ಗಾಜಿನಂಥ ರೆಸಿನ್ ಸುರಿಯುತ್ತಾರೆ. ಒಮ್ಮೆಗೇ ದಪ್ಪವಾಗಿ ಸುರಿದರೆ ಅದು ಗಟ್ಟಿಯಾಗುವಾಗ ಕಾದು ಬಿರಿಯಬಹುದು. ಅಂಚಿನಲ್ಲಿ ಕೂದಲೆಳೆಯ ಸಂದಿದ್ದರೂ ರಾತ್ರೋರಾತ್ರಿ ಕಡಲು ಸೋರಿ ನೆಲ ಸೇರುತ್ತದೆ.

ಬಣ್ಣದಲ್ಲಿ ಎಡವುವವರೇ ಹೆಚ್ಚು. ಹೊಸಬರು ಕಡಲೆಂದರೆ ನೀಲಿ ಎಂದು ನೀಲಿ ಬಳಿಯುತ್ತಾರೆ. ಇಂಗ್ಲಿಷ್ ಕಾಲುವೆಯ ನೀರು ಬಹುತೇಕ ದಿನ ಬೂದು, ಹಸಿರು ಬೆರೆತ ಬಣ್ಣ. ಜುಲೈ ತಿಂಗಳಲ್ಲಿ ಮಲ್ಪೆಯಲ್ಲೋ ಕಾರವಾರದಲ್ಲೋ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನುಭವಿಗಳು ಇಳಿತದ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ನೀರು ಹಿಂದೆ ಸರಿದಿದೆ, ಕೆಸರು ಮಿನುಗುತ್ತಿದೆ, ದೋಣಿಗಳು ಒಂದು ಪಕ್ಕಕ್ಕೆ ವಾಲಿ ಮಲಗಿವೆ. ನೀರಿನ ಕೆಲಸ ಅರ್ಧ ತಪ್ಪಿತು. ಆದರೆ ದೋಣಿಯ ಕೆಲಸ ಹೆಚ್ಚಿತು. ತೇಲುವ ದೋಣಿಗೆ ನೀರಿನ ಮೇಲಿನ ಭಾಗ ಮಾಡಿದರೆ ಸಾಕು. ವಾಲಿದ ದೋಣಿಗೆ ತಳವೂ ಬೇಕು.

ಮರಳಿನದು ಇನ್ನೂ ತಮಾಷೆ. ಸಮುದ್ರದ ದಡಕ್ಕೆ ಸಮುದ್ರದ ಮರಳನ್ನೇ ಹಾಕಿದರೆ ಕೆಡುತ್ತದೆ. ಅರ್ಧ ಮಿಲಿಮೀಟರಿನ ಒಂದು ಕಾಳು ಈ ಲೋಕದಲ್ಲಿ 38 ಮಿಲಿಮೀಟರಿನ ಜಲ್ಲಿಕಲ್ಲು. ಅದು ದಡಕ್ಕಿಂತ ಹಳಿಯ ಕೆಳಗಿನ ಜಲ್ಲಿಗೇ ಒಪ್ಪುತ್ತದೆ! ದಡಕ್ಕೆ ನುಣುಪಾದ ಉಜ್ಜುಕಾಗದವೋ ಪ್ಲಾಸ್ಟರಿನ ಹುಡಿಯೋ ಸಾಕು. ಜಲ್ಲಿ ಕೂರಿಸುವವರು ನೀರು ಬೆರೆಸಿದ ಅಂಟಿಗೆ ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಒಂದು ಹನಿ ಸೇರಿಸುತ್ತಾರೆ. ಇಲ್ಲದಿದ್ದರೆ ಅಂಟು ಕಾಳುಗಳ ನಡುವೆ ಇಳಿಯದೆ ಮೇಲೆ ಮಣಿಯಂತೆ ನಿಲ್ಲುತ್ತದೆ.

ಬೀಚಿಂಗ್ ವರದಿ

ಹೀಗೆ ಜಾಗ ಸಾಲದ್ದರಿಂದ ಹುಟ್ಟಿದ ಕಡಲ ಲೇಔಟಿಗೆ 1963ರಲ್ಲಿ ಬೇರೆಯದೇ ತೂಕ ಬಂತು. ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಆ ವರ್ಷ ಕೊಟ್ಟ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಲು ಶಿಫಾರಸು ಮಾಡಿತು. ಕಾರು, ಬಸ್ಸು, ಲಾರಿಗಳ ಮುಂದೆ ಸೋತು ನಷ್ಟದಲ್ಲಿದ್ದ ಕವಲು ಮಾರ್ಗಗಳಿಗೆ ಮೊದಲ ಏಟು ಬಿತ್ತು. ಕಡಲೂರುಗಳಿಗೆ ಹೋಗುತ್ತಿದ್ದವು ಬಹುತೇಕ ಇಂಥವೇ. ಬೇಸಗೆಯ ನಾಲ್ಕು ವಾರಾಂತ್ಯ ತುಂಬಿ ತುಳುಕುವ ಗಾಡಿ, ಉಳಿದ ವರ್ಷವಿಡೀ ಖಾಲಿ. ಹೇಲಿಂಗ್ ದ್ವೀಪದ ಮಾರ್ಗ 1963ರಲ್ಲೇ ನಿಂತಿತು. ಅಲ್ಲಿನ ಮರದ ಸೇತುವೆಯ ದುರಸ್ತಿ ಖರ್ಚು ಮುಖ್ಯ ಕಾರಣ. ಲೈಮ್ ರೀಜಿಸ್ 1965ರಲ್ಲಿ, ಅದರ ನೆರೆಯ ಸೀಟನ್ 1966ರಲ್ಲಿ. ಲಂಡನ್ನಿನಿಂದ ನೇರ ಗಾಡಿ ಬರುತ್ತಿದ್ದ ಕಾರ್ನ್‌ವಾಲಿನ ಪ್ಯಾಡ್‌ಸ್ಟೋ 1967ರಲ್ಲಿ. ಅಲ್ಲಿ ಹಳಿಯಿದ್ದ ಜಾಡಿನಲ್ಲಿ ಈಗ ಸೈಕಲ್ಲುಗಳು ಓಡುತ್ತವೆ.

ಲೈಮ್ ರೀಜಿಸಿನ ಎಂಜಿನ್ನಿನ ಕಥೆ ಇಲ್ಲಿ ಹೇಳಬೇಕು. ವಿಲಿಯಂ ಆಡಮ್ಸ್ ವಿನ್ಯಾಸದ ಈ ಜಾತಿಯ 71 ಎಂಜಿನ್ನುಗಳು 1880ರ ದಶಕದಲ್ಲಿ ತಯಾರಾದವು. ಬೇರೆಲ್ಲ ಕಡೆ ಅವು ಯಾವತ್ತೋ ಗುಜರಿ ಸೇರಿದ್ದವು. ಲೈಮ್ ರೀಜಿಸ್ ದಾರಿಯ ಕಡಿದಾದ ತಿರುವುಗಳಲ್ಲಿ ಮಾತ್ರ ಬೇರೆ ಎಂಜಿನ್ ಹೊಂದಿಕೆಯಾಗಲಿಲ್ಲ. ಮೂರೇ ಮೂರು ಮುದಿ ಎಂಜಿನ್ನುಗಳು 1961ರವರೆಗೆ ಅಲ್ಲಿ ದುಡಿದವು. ಒಂದು ಇಂದಿಗೂ ಬ್ಲೂಬೆಲ್ ರೈಲ್ವೆಯಲ್ಲಿ ಉಳಿದಿದೆ. 2015ರಲ್ಲಿ ಪೈಪೋಟಿಗೆ ಬಿದ್ದ ಮಾದರಿಗಳು ಇದರವೇ.

ಮಾರ್ಗಗಳು ಮುಚ್ಚಿದ ಮೇಲೆ ಹಲಗೆಯ ಮೇಲಿನ ಕಡಲೂರು ಆಟವಾಗಿ ಉಳಿಯಲಿಲ್ಲ. ಸಿಗ್ನಲ್ ಕಂಬ ಎಲ್ಲಿತ್ತು, ನಿಲ್ದಾಣದ ಬಾಗಿಲಿಗೆ ಯಾವ ಬಣ್ಣ, ಸಂಜೆಯ ಗಾಡಿಗೆ ಎಷ್ಟು ಬೋಗಿ ಎಂದು ಹಳೆಯ ಫೋಟೊ, ವೇಳಾಪಟ್ಟಿಗಳನ್ನು ಜಾಲಾಡುವ ಕೆಲಸ ಶುರುವಾಯಿತು. ಇತಿಹಾಸಕಾರರು ಹುಡುಕದ ವಿವರಗಳನ್ನು ಹವ್ಯಾಸಿಗಳು ಹುಡುಕಿದರು. ಆದರೂ ಈ ಲೇಔಟುಗಳ ಚಿತ್ರ ನೋಡುತ್ತ ಹೋದರೆ ಒಂದು ಅನುಮಾನ ಬರುತ್ತದೆ. ಅಲ್ಲಿ ಯಾವಾಗಲೂ ಬೇಸಗೆಯ ಮಧ್ಯಾಹ್ನ. ಗಾಡಿ ಖಾಲಿ ಹೋಗುವ ಜನವರಿಯ ಮಳೆ ದಿನ ಕಾಣುವುದು ಅಪರೂಪ. ಮಾರ್ಗ ಮುಚ್ಚಲು ಕಾರಣವಾದದ್ದು ಆ ದಿನಗಳೇ ಆದರೂ ಅವನ್ನು ಕಟ್ಟಲು ಯಾರಿಗೂ ಮನಸ್ಸಿಲ್ಲ.

ಮುಚ್ಚದೆ ಉಳಿದ ಮಾರ್ಗದ ಕಥೆಯೂ ಸರಳವಲ್ಲ. ಡೆವನ್ನಿನ ಡಾಲಿಷ್‌ನಲ್ಲಿ ಕೆಂಪು ಬಂಡೆಗಳ ಬುಡದಲ್ಲಿ, ಕಡಲಿಗೆ ಅಂಟಿಕೊಂಡೇ 1846ರಿಂದ ರೈಲು ಓಡುತ್ತಿದೆ. ಬ್ರೂನೆಲ್ ರೂಪಿಸಿದ ಈ ಮಾರ್ಗ ಹವ್ಯಾಸಿಗಳ ಅಚ್ಚುಮೆಚ್ಚು. 2014ರ ಫೆಬ್ರವರಿಯ ಬಿರುಗಾಳಿಗೆ ಕಡಲಗೋಡೆ ಒಡೆದು, ಹಳಿಗಳು ಗಾಳಿಯಲ್ಲಿ ಏಣಿಯಂತೆ ತೂಗಾಡಿದವು. ಎರಡು ತಿಂಗಳ ದುರಸ್ತಿಯ ಬಳಿಕ ಏಪ್ರಿಲ್ 4ರಂದು ಮತ್ತೆ ರೈಲು ಓಡಿತು. ಅನಂತರ ಇನ್ನೂ ಎತ್ತರದ ಹೊಸ ಗೋಡೆ ಎದ್ದಿತು. ಬಿರುಗಾಳಿಗೆ ಮುಂಚೆ ಡಾಲಿಷನ್ನು ಕಟ್ಟಿದವರ ಹಲಗೆಯ ಮೇಲೆ ಈಗ ಇಲ್ಲದ ಗೋಡೆ ಇದೆ.

ಲೈಮ್ ರೀಜಿಸಿನಿಂದ ಕೆಲವೇ ಮೈಲಿ ದೂರದಲ್ಲಿ, ಕಡಲಿಗೆ ಮುಖ ಮಾಡಿ ನಿಂತ ಬಿಯರ್ ಎಂಬ ಹಳ್ಳಿಯಿದೆ. ಮಾದರಿ ರೈಲಿನ ಹಳಿಗಳಿಗೆ ಹೆಸರಾದ ಪೀಕೋ ಕಂಪೆನಿ ಇರುವುದು ಅಲ್ಲೇ. ಪಕ್ಕದ ಸೀಟನ್ನಿನಲ್ಲಿ ರೈಲು ಹೋದ ಜಾಡಿನಲ್ಲಿ 1970ರಿಂದ ಪುಟ್ಟ ಟ್ರಾಮುಗಳು ಪ್ರವಾಸಿಗರನ್ನು ಹೊತ್ತು ಓಡುತ್ತಿವೆ. ಹಳಿಯಿಲ್ಲದ ಕರಾವಳಿಯಿಂದಲೇ ಹಳಿಗಳು ಪೆಟ್ಟಿಗೆಗಳಲ್ಲಿ ದೇಶವಿದೇಶಕ್ಕೆ ಹೋಗುತ್ತವೆ.

ಜಾನ್ ಅಹರ್ನ್ 1961ರಲ್ಲಿ ತೀರಿಕೊಂಡ. ಕಟ್ಟಿದವರು ಹೋದ ಮೇಲೆ ಲೇಔಟುಗಳ ಗತಿ ಸಾಮಾನ್ಯವಾಗಿ ಒಂದೇ. ಎಂಜಿನ್, ಬೋಗಿಗಳಿಗೆ ಬೆಲೆಯಿದೆ, ಮಾರಾಟವಾಗುತ್ತವೆ. ಗುಡ್ಡ, ಕಡಲು, ರಟ್ಟಿನ ಮನೆಗಳನ್ನು ಕೊಳ್ಳುವವರಿಲ್ಲ. ಬಾಗಿಲಲ್ಲಿ ಹಿಡಿಸದ ಹಲಗೆಯನ್ನು ಗರಗಸದಿಂದ ಕೊಯ್ದು ಹೊರಗೆ ಹಾಕುತ್ತಾರೆ. ಅಹರ್ನನ ಹಲಗೆಗಳು ಆ ಗತಿಯಿಂದ ತಪ್ಪಿಸಿಕೊಂಡವು. ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯವಿದೆ. ಕಣ್ಣೆದುರೇ ಮರೆಯಾಗುತ್ತಿದ್ದ ಹುಲ್ಲು ಮಾಡಿನ ಮನೆಗಳನ್ನು ಮಾದರಿಯಲ್ಲಾದರೂ ಉಳಿಸಬೇಕೆಂದು ಹೊರಟ ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯನ್ ಕಟ್ಟಿದ್ದು. ಮ್ಯಾಡರ್ ವ್ಯಾಲಿ ಅಲ್ಲಿಗೆ ಹೋಯಿತು. ಸಮುದ್ರದಿಂದ ಬಹುದೂರದ ಆ ಹಳ್ಳಿಯಲ್ಲಿ, ಗಾಜಿನ ಹಿಂದೆ, ಮ್ಯಾಡರ್‌ಪೋರ್ಟಿನ ಬಂದರು ಈಗಲೂ ಇದೆ.