ಕುಮಟಗಿಯ ಜಲಮಂಟಪವೂ ಕರಾವಳಿಯ ಮಾಡೂ

ವಿಜಯಪುರದ ಪೂರ್ವಕ್ಕಿರುವ ಕುಮಟಗಿಯ ಜಲಮಂಟಪವನ್ನು ಆದಿಲಶಾಹಿ ಅರಸರ ವಿಲಾಸಕ್ಕೆ ನಿದರ್ಶನವೆಂದು ಹೇಳಿಬಿಡುವುದು ರೂಢಿ. ಅಲ್ಲಿಯ ಭಿತ್ತಿಚಿತ್ರಗಳಲ್ಲಿ ಕುಸ್ತಿಯನ್ನೂ ಕುದುರೆಯ ಮೇಲಣ ಚೆಂಡಾಟವನ್ನೂ ಕಂಡವರಿಗೆ ಹಾಗೆ ತೋರುವುದು ಸಹಜವೇ. ಆದರೆ ಕಟ್ಟಡದ ರಚನೆಯು ಬೇರೊಂದು ಸಂಗತಿಯನ್ನು ಸೂಚಿಸುತ್ತದೆ. ಕೆರೆಯ ನೀರನ್ನು ಎತ್ತರದ ತೊಟ್ಟಿಗಳಿಗೇರಿಸಿ, ಕೊಳವೆಗಳಲ್ಲಿ ಇಳಿಸಿ, ಛಾವಣಿಯಿಂದ ತುಂತುರಾಗಿ ಸುರಿಸುವ ಏರ್ಪಾಡು ಅಲ್ಲಿದ್ದಿತು. ಮಂಟಪದ ಸುತ್ತಲೂ ನೀರು. ವೈಶಾಖದ ಒಣಗಾಳಿಯು ಆ ತುಂತುರನ್ನು ಹೀರಿ ತಂಪಾಗುವುದು. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಕೊಂಡೊಯ್ಯುವುದಷ್ಟೆ. ಇದನ್ನು ಬರಿಯ ವಿಲಾಸವೆನ್ನುವುದು ಯುಕ್ತವಲ್ಲ.

ಇದೇ ಉಪಾಯವನ್ನು ಕಡಲ ತಡಿಯ ಮಂಗಳೂರಿನಲ್ಲಿ ಹೂಡಿದ್ದರೆ ಬೆವರು ಹೆಚ್ಚುತ್ತಿದ್ದಿತೇ ಹೊರತು ತಂಪು ದೊರೆಯುತ್ತಿರಲಿಲ್ಲ. ಮೊದಲೇ ತೇವದಿಂದ ತುಂಬಿದ ಗಾಳಿಯು ಇನ್ನಷ್ಟು ನೀರನ್ನು ಹೀರಲಾರದು. ಅಲ್ಲಿ ಬೇಕಾದುದು ಗಾಳಿಯ ಸಂಚಾರ. ಆದುದರಿಂದಲೇ ತೆರೆದ ಚಾವಡಿ, ಮರದ ಜಾಲಂಧ್ರ, ಎತ್ತರದ ಇಳಿಜಾರು ಮಾಡು; ಮಾಡಿಗೆ ಬಿಸಿಲು ತಡೆಯುವ ಮುಳಿಹುಲ್ಲಿನ ಹೊದಿಕೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹುಲ್ಲಿನ ಬಳಕೆ ಕ್ರಮೇಣ ತಗ್ಗಿತು. ಹಂಚು ಹುಲ್ಲಿಗಿಂತ ಬೇಗ ಕಾಯುವುದು ನಿಜ; ಆದರೂ ಅದರ ಸಂದುಗಳಿಂದ ಬಿಸಿಗಾಳಿ ಹೊರಬೀಳುವುದು, ಮರದ ಮುಚ್ಚಿಗೆ ಹಾಕಿದ ಮನೆಗಳಲ್ಲಿ ಉಳಿದ ಕಾವು ಬಹುಮಟ್ಟಿಗೆ ಅಟ್ಟದಲ್ಲಿಯೇ ನಿಲ್ಲುವುದು.