ಒಮ್ಮೆ ಬರೆದದ್ದು ಊರೂರಿಗೆ

ಹಂಪಿಯ ವಿರೂಪಾಕ್ಷ ಗುಡಿಯ ಅಂಗಳದಲ್ಲಿ, ರಂಗಮಂಟಪದ ಎದುರಿಗೆ, ಕೃಷ್ಣದೇವರಾಯನ ಶಾಸನದ ಕಲ್ಲು ನಿಂತಿದೆ. ಅದರ ಕಾಲ 1510ರ ಜನವರಿ. ಪಟ್ಟಾಭಿಷೇಕದ ಸಂದರ್ಭದಲ್ಲಿ ರಾಯ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದ, ಸಿಂಗನಾಯಕನಹಳ್ಳಿಯನ್ನು ದೇವರಿಗೆ ಬಿಟ್ಟ, ನವರತ್ನದ ಚಿನ್ನದ ಕಮಲವನ್ನೂ ನಾಗಾಭರಣವನ್ನೂ 24 ಬೆಳ್ಳಿ ದೀಪಗಳನ್ನೂ ಒಪ್ಪಿಸಿದ ಎಂದು ಅದು ಹೇಳುತ್ತದೆ.

ಈ ಕಲ್ಲಿನಲ್ಲಿ ಎರಡು ಬಗೆಯ ಬರಹ ಸೇರಿದೆ. ರಾಯ ಕೊಟ್ಟದ್ದೇನು ಎಂಬ ವಿವರ ಕನ್ನಡದಲ್ಲಿದೆ. ಅದು ಆ ಗುಡಿಯದು, ಆ ದಿನದ್ದು. ಅದಕ್ಕೂ ಮುಂಚೆ ಬರುವ ಸಂಸ್ಕೃತ ಪದ್ಯಗಳ ಕಥೆ ಬೇರೆ. ಚಂದ್ರನಿಂದ ಬುಧ, ಪುರೂರವ, ಆಯು, ನಹುಷ, ಯಯಾತಿ, ತುರ್ವಸು ಎಂದು ಇಳಿದು ತುಳುವ ವಂಶದ ತಿಮ್ಮ, ಈಶ್ವರ, ನರಸನಾಯಕರನ್ನು ಮುಟ್ಟುವ ಈ ವಂಶಾವಳಿ ಆ ಕಲ್ಲಿಗೇ ನಿಲ್ಲಲಿಲ್ಲ. ಮುಂದೆ ಹಲವು ದಶಕಗಳ ಕಾಲ ತುಂಗಭದ್ರೆಯಿಂದ ತಮಿಳು ಸೀಮೆಯವರೆಗೆ, ತಾಮ್ರಪಟದಿಂದ ತಾಮ್ರಪಟಕ್ಕೆ, ಅವೇ ಪದ್ಯಗಳು ಸಂಚರಿಸಿದವು. ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣವನ್ನು ಗೆದ್ದ ನರಸನ ಸಾಹಸ, ಅವನ ಮಕ್ಕಳ ಹುಟ್ಟು, ಎಲ್ಲವೂ ಅದೇ ಮಾತಿನಲ್ಲಿ, ಅದೇ ಛಂದಸ್ಸಿನಲ್ಲಿ ಮರಳಿ ಮರಳಿ ಬರುತ್ತವೆ.

ವಿಜಯನಗರದ ತಾಮ್ರಶಾಸನಕ್ಕೆ ಒಂದು ಕಟ್ಟು ಇತ್ತು. ಮೊದಲಿಗೆ ಶಿವಸ್ತುತಿ, ವರಾಹಸ್ತುತಿ. ಆಮೇಲೆ ವಂಶಾವಳಿ, ಬಿರುದಾವಳಿ. ನಡುವೆ ಶಕವರ್ಷ, ತಿಥಿ, ದಾನ ಪಡೆದವರ ಗೋತ್ರ ಸೂತ್ರ, ಊರಿನ ಹೆಸರು, ನಾಲ್ಕೂ ದಿಕ್ಕಿನ ಎಲ್ಲೆ. ಕೊನೆಗೆ ದಾನವನ್ನು ಕಾಯ್ದವರಿಗೆ ಪುಣ್ಯ, ಕಿತ್ತುಕೊಂಡವರಿಗೆ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪ. ನಡುವಿನ ಭಾಗ ಪ್ರತಿ ದಾನಕ್ಕೂ ಹೊಸದು. ಆರಂಭ ಮತ್ತು ಅಂತ್ಯದ ಪದ್ಯಗಳು ಬಹುಮಟ್ಟಿಗೆ ಸಿದ್ಧಪಾಠ.

ಆ ಸಿದ್ಧಪಾಠದಲ್ಲೂ ಎಲ್ಲವೂ ವಿಜಯನಗರದ ಕವಿಗಳದಲ್ಲ. ಮೊದಲಿಗೆ ಬರುವ ಶಿವಸ್ತುತಿ 7ನೆಯ ಶತಮಾನದ ಬಾಣಭಟ್ಟನ ಹರ್ಷಚರಿತದ ಮೊದಲ ಪದ್ಯ. ಕನೌಜಿನ ಅರಸ ಹರ್ಷನ ಕಥೆಗೆ ಬರೆದ ಪದ್ಯ ಕರ್ನಾಟಕದ ಶಾಸನಗಳಲ್ಲಿ ಶತಮಾನಗಳಿಂದಲೇ ಬೇರೂರಿತ್ತು. ಕೊನೆಯ ಶಾಪದ ಪದ್ಯಗಳು ಅದಕ್ಕೂ ಹಿಂದಿನಿಂದ ದಾನಶಾಸನಗಳಲ್ಲಿ ಬಳಕೆಯಲ್ಲಿದ್ದವು. ಅರಸುಮನೆತನಗಳು ಬದಲಾದರೂ ಅವು ಉಳಿದವು.

ಇಷ್ಟು ದೊಡ್ಡ ರಾಜ್ಯದಲ್ಲಿ ಈ ಪಾಠವನ್ನು ಕಾಪಾಡಿದವರು ಯಾರು? ಉತ್ತರ ಶಾಸನಗಳಲ್ಲೇ ಇದೆ. ಅಚ್ಯುತರಾಯನ 1540ರ ಉನಮಾಂಜೇರಿ ತಾಮ್ರಪಟದ ಕೊನೆಯಲ್ಲಿ ರಚಿಸಿದವನು ಸಭಾಪತಿ, ಕೊರೆದವನು ಮಲ್ಲಣನ ಮಗ ವೀರಣಾಚಾರ್ಯ ಎಂದಿದೆ. ಸದಾಶಿವರಾಯನ ಕಾಲದ 1556ರ ತಾಮ್ರಪಟಗಳು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವವು, ಅದೇ ಸಭಾಪತಿಯನ್ನು ಹೆಸರಿಸುತ್ತವೆ. 17ನೆಯ ಶತಮಾನದ ಆರಂಭದಲ್ಲಿ, ಅರವೀಡು ಅರಸರ ಕಾಲಕ್ಕೆ, ಶಾಸನ ರಚಿಸುತ್ತಿದ್ದವನು ಅವನ ಮೊಮ್ಮಗ ರಾಮ. ಬರೆಯುವ ಕೆಲಸವೂ ಕೊರೆಯುವ ಕೆಲಸವೂ ಮನೆತನಗಳ ಕೈಯಲ್ಲಿದ್ದವು. ಕೊನೆಯಲ್ಲಿ ಹೆಸರು ಹಾಕಿದ್ದರಿಂದ ಆ ಮಾತಿಗೆ ಹೊಣೆ ಯಾರದೆಂಬುದೂ ಗೊತ್ತಿರುತ್ತಿತ್ತು.

ಪಾಠ ಸಿದ್ಧವಾಗಿದ್ದರೂ ಅವರು ಅದನ್ನು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ಅಚ್ಯುತ ಪಟ್ಟಕ್ಕೆ ಬಂದಾಗ ಹಳೆಯ ವಂಶಾವಳಿಯ ಮುಂದೆ ಅವನ ಪದ್ಯಗಳು ಸೇರಿಕೊಂಡವು. ಅಚ್ಯುತನ ಮಗ ಬೇಗನೆ ತೀರಿಕೊಂಡದ್ದು, ಸದಾಶಿವನಿಗೆ ಅಳಿಯ ರಾಮರಾಯ ಪಟ್ಟ ಕಟ್ಟಿಸಿದ್ದು, ಇವಕ್ಕೆ 1556ರ ಪಟಗಳಲ್ಲಿ ಹೊಸ ಪದ್ಯಗಳಿವೆ. ಬುಡ ಹಾಗೆಯೇ ಉಳಿದು, ಬದಲಾದ ಕಡೆ ಮಾತ್ರ ಹೊಸ ಮಾತು ಬಂತು.

ಕಟ್ಟಕಡೆಯ ಅಂಕಿತವೂ ಬದಲಾಯಿತು. ನಂದಿನಾಗರಿಯಲ್ಲಿ ಬರೆದ ಸಂಸ್ಕೃತ ಶಾಸನದ ಕೆಳಗೆ, ದೊಡ್ಡ ಕನ್ನಡ ಅಕ್ಷರಗಳಲ್ಲಿ, ‘ಶ್ರೀ ವಿರೂಪಾಕ್ಷ’ ಎಂದು ಬರೆಯುವುದು ವಿಜಯನಗರದ ರೂಢಿ. 1565ರ ಸೋಲಿನ ನಂತರ ಅರಸರು ಹಂಪಿಯನ್ನು ಬಿಟ್ಟು ಪೆನುಗೊಂಡೆಗೆ, ಆಮೇಲೆ ಚಂದ್ರಗಿರಿಗೆ ಹೋದರು. ವೆಂಕಟಪತಿರಾಯನ ಕಾಲಕ್ಕೆ ಆ ಜಾಗದಲ್ಲಿ ತಿರುಪತಿಯ ‘ಶ್ರೀ ವೆಂಕಟೇಶ’ ಬಂದ. ಮೂರು ರಾಯರ ಗಂಡ ಎಂಬಂಥ ಬಿರುದುಗಳು ಮಾತ್ರ, ರಾಜ್ಯ ಕುಗ್ಗುತ್ತಿದ್ದರೂ, ಹಾಗೆಯೇ ಮುಂದುವರಿದವು. ಸಿದ್ಧಪಾಠವನ್ನು ನಂಬಿ ಇತಿಹಾಸ ಬರೆಯುವವರು ಎಚ್ಚರದಿಂದಿರಬೇಕಾದ ಜಾಗ ಇದೇ: ಬಿರುದಿನಲ್ಲಿರುವುದು ಒಮ್ಮೊಮ್ಮೆ ಅಜ್ಜನ ಕಾಲದ ಸುದ್ದಿ.

ಮರಳಿ ಮರಳಿ ಬರುವ ಪದ್ಯಗಳನ್ನು ಏನು ಮಾಡುವುದೆಂಬ ಪ್ರಶ್ನೆ ಈ ಶಾಸನಗಳನ್ನು ಅಚ್ಚು ಹಾಕಿದ ವಿದ್ವಾಂಸರಿಗೂ ಎದುರಾಯಿತು. ಹಂಪಿಯ ಕಲ್ಲನ್ನು ಹುಲ್ಟ್ಜ್ 1892ರ ‘ಎಪಿಗ್ರಾಫಿಯಾ ಇಂಡಿಕಾ’ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಮುಂದೆ ಅದೇ ಪದ್ಯಗಳ ತಾಮ್ರಪಟಗಳು ಒಂದರ ಮೇಲೊಂದು ಸಿಕ್ಕಾಗ, ಸಂಪಾದಕರು ಈ ಪದ್ಯಗಳು ಇಂಥ ಶಾಸನದಲ್ಲಿ ಆಗಲೇ ಬಂದಿವೆ ಎಂದು ಕೈತೋರಿಸಿ, ಹೊಸ ವಿವರದ ಮೇಲೆ ಗಮನವಿಟ್ಟರು. ಹಂಪಿಯ ಸುತ್ತಲಿನ ಹೊಸಪೇಟೆ, ಕಂಪ್ಲಿ, ಎಮ್ಮಿಗನೂರಿನ ಸೀಮೆ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಹಾಗಾಗಿ ಮೈಸೂರಿನ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಇಲ್ಲಿನ ಕಲ್ಲುಗಳಿಗೆ ಜಾಗ ಸಿಗಲಿಲ್ಲ, ಅವು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 1923ರ 4ನೆಯ ಸಂಪುಟ, 1939 ಮತ್ತು 1941ರ 9ನೆಯ ಸಂಪುಟದ ಭಾಗಗಳಲ್ಲಿ ಹಂಚಿಹೋದವು.

ಆ ಚದುರಿದ್ದನ್ನು ಕನ್ನಡದಲ್ಲಿ ಜಿಲ್ಲಾವಾರು ಒಟ್ಟುಗೂಡಿಸುವ ಕೆಲಸಕ್ಕೆ ಕೈಹಾಕಿದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ 1991ರಲ್ಲಿ ಆರಂಭವಾದ ಈ ಸಂಸ್ಥೆಯ ಶಾಸನ ಸಂಪುಟಗಳಲ್ಲಿ ಬಳ್ಳಾರಿ ಜಿಲ್ಲೆಗೆ ಮೊದಲ ಸ್ಥಾನ ಸಿಕ್ಕಿತು. ಮುಂದೆ ಕುಲಪತಿಯಾಗಿ ಬಂದ ಎಂ.ಎಂ. ಕಲಬುರ್ಗಿ ಅವರು ಶಾಸನಗಳನ್ನೇ ಉಸಿರಾಡಿದವರು.

ಇಂದು ದೊಡ್ಡ ವಿಶ್ವವಿದ್ಯಾಲಯಗಳ ಜಾಲತಾಣ ನೋಡಿಕೊಳ್ಳುವವರ ಮುಂದೆ ಇರುವುದೂ, ಒಂದೇ ಪಾಠವನ್ನು ಹಲವೆಡೆ ಕೆಡದಂತೆ ಕಾಯುವ, ಸಭಾಪತಿಯ ಕೆಲಸವೇ. ಪ್ರವೇಶದ ನಿಯಮ, ವಿಭಾಗದ ಪರಿಚಯ, ವಿಳಾಸ ಹತ್ತಾರು ತಾಣಗಳಲ್ಲಿ ಬೇಕು. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆದಿಟ್ಟರೆ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಹಳತಾಗಿಯೇ ಉಳಿಯುತ್ತದೆ. ಅದಕ್ಕೇ ಮೂಲವನ್ನು ಒಂದೇ ಜಾಗದಲ್ಲಿ ಇಟ್ಟು, ಎಲ್ಲ ಪುಟಗಳೂ ಅಲ್ಲಿಂದಲೇ ಎತ್ತಿಕೊಳ್ಳುವ ಏರ್ಪಾಡು ಬಂದಿದೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕು. ಕನ್ನಡ ಲಿಪಿಗೆ ಯುನಿಕೋಡ್‌ನಲ್ಲಿ ಜಾಗ ದೊರೆತದ್ದು 1991ರಲ್ಲೇ. ಆದರೂ ಮುದ್ರಣಕ್ಕಾಗಿ ಬಹುಕಾಲ ಅಕ್ಷರ ಜೋಡಿಸಿದ್ದು ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಕಡತವನ್ನು ಹಾಗೆಯೇ ಜಾಲತಾಣಕ್ಕೆ ಹಾಕಿದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಹುಡುಕಿದರೆ ಏನೂ ಸಿಗದು. ಯುನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದೂ ಉಂಟು. ಶಾಸನ ಸಂಪುಟಗಳನ್ನು ಜಾಲತಾಣಕ್ಕೆ ತರುವಾಗ ಅಂಥ ಒಂದು ಒತ್ತಕ್ಷರ ತಪ್ಪಿದರೆ ಊರಿನ ಹೆಸರೇ ಬದಲಾದೀತು. ಆದ್ದರಿಂದ ಪರಿವರ್ತಿಸಿದ ಪ್ರತಿ ಪುಟವನ್ನೂ ಹಳಗನ್ನಡ ಬಲ್ಲ ಒಬ್ಬರು ಅಚ್ಚಾದ ಸಂಪುಟವನ್ನು ಪಕ್ಕದಲ್ಲಿಟ್ಟುಕೊಂಡು ಓದಿ ತಿದ್ದಬೇಕಾಗುತ್ತದೆ.