ಗೋಡೆಯ ಮೇಲಿನ ಹಿರಿಯರು: ಕನ್ನಡ ಧಾರಾವಾಹಿಯ ಪರಿಕರ ಛಾಯಾಚಿತ್ರ ಮತ್ತು ಶ್ರೀನಿವಾಸಪುರದ ಮನೆಗೋಡೆ

ಕನ್ನಡ ಧಾರಾವಾಹಿಯ ನಡುಮನೆಯಲ್ಲಿ ಒಂದು ಪಾತ್ರಕ್ಕೆ ಮಾತೇ ಇರುವುದಿಲ್ಲ. ಅದರ ಚಿತ್ರೀಕರಣ ಅರ್ಧ ದಿನದಲ್ಲಿ ಮುಗಿದಿರುತ್ತದೆ, ಆದರೂ ನೂರಾರು ಕಂತುಗಳಲ್ಲಿ ಅದು ಕಾಣಿಸುತ್ತಲೇ ಇರುತ್ತದೆ. ಅದು ಗಂಧದ ಹಾರ ಹಾಕಿಸಿಕೊಂಡು ಗೋಡೆಯ ಮೇಲೆ ಕುಳಿತ ಮನೆಯ ಹಿರಿಯರ ಫೋಟೋ. ಸೊಸೆ ಅದರೆದುರು ಅಳುತ್ತಾಳೆ, ಮಗ ಅದರ ಮೇಲೆ ಆಣೆ ಇಡುತ್ತಾನೆ, ಕಥೆ ತಿರುವು ಪಡೆಯಬೇಕಾದಾಗ ಅದು ಕೆಳಗೆ ಬಿದ್ದು ಗಾಜು ಒಡೆಯುತ್ತದೆ. ಧಾರಾವಾಹಿಗಳ ಬಗ್ಗೆ ನಮ್ಮಲ್ಲಿ ಬಂದಿರುವ ಬರವಣಿಗೆ ಹೆಚ್ಚಾಗಿ ಕಥೆ, ಹೆಣ್ಣಿನ ಚಿತ್ರಣ, ಟಿಆರ್‌ಪಿಗಳ ಸುತ್ತಲೇ ಸುಳಿದಿದೆ. ಈ ಫೋಟೋ ಹೇಗೆ ತಯಾರಾಗುತ್ತದೆ, ನೋಡುಗ ಅದನ್ನು ಯಾಕೆ ನಂಬುತ್ತಾನೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಇಲ್ಲಿನ ವಾದ ಇಷ್ಟು: ಪರಿಕರ ಫೋಟೋವನ್ನು ನಂಬಿಸುವುದು ಅದರೊಳಗಿನ ಮುಖವಲ್ಲ, ಕಾಗದದ ಬಣ್ಣ, ಭಂಗಿ, ಚೌಕಟ್ಟಿನ ಅಳತೆ, ಮೊಳೆಯ ಎತ್ತರ. ಇವನ್ನೆಲ್ಲ ಅಳೆಯಲು ಬೇಕಾದ ಅಳತೆಗೋಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಂಥ ಊರಿನ ಮನೆಗೋಡೆಯಲ್ಲಿ ಸಿಗುತ್ತದೆ.

ಪಾಪನಪಲ್ಲಿ ಎಂದಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯನವರ ಮಗನ ಹೆಸರು ಬಂದ ಕಥೆ ಗ್ಯಾಸೆಟಿಯರ್ ಓದಿದವರಿಗೆ ಗೊತ್ತು. ಹೊರಗಿನವರಿಗೆ ಇದು ಮಾವಿನ ಊರು. ಕನ್ನಡವೂ ತೆಲುಗೂ ಒಂದೇ ಮನೆಯೊಳಗೆ ಓಡಾಡುವ ಈ ಸೀಮೆಯಲ್ಲಿ ಗೋಡೆಯೂ ದ್ವಿಭಾಷಿ: ತಿರುಮಲದ ವೆಂಕಟರಮಣ, ಕೈವಾರ ತಾತಯ್ಯ, ಕುರುಡುಮಲೆಯ ಗಣಪತಿ, ಪಕ್ಕದಲ್ಲೇ ತಾತ, ಅವ್ವ, ಯಾವುದೋ ಮದುವೆಯ ಗುಂಪು ಫೋಟೋ. ಕಲ್ಲುಚಪ್ಪಡಿಯ ಹಳೆಯ ಮನೆಗಳಲ್ಲಿ ಫೋಟೋಗಳನ್ನು ತೊಲೆಯ ಹತ್ತಿರಕ್ಕೆ, ಮೇಲೆ, ದಾರ ಕಟ್ಟಿ ಮುಂದಕ್ಕೆ ಬಾಗಿಸಿ ತೂಗುಹಾಕುತ್ತಾರೆ. ನೋಡುವವರು ತಲೆಯೆತ್ತಬೇಕು. ಧಾರಾವಾಹಿಯ ಹಿರಿಯರು ಮಾತ್ರ ಸೊಸೆಯ ಭುಜದ ಮಟ್ಟಕ್ಕೆ ಇಳಿದಿರುತ್ತಾರೆ. ಇದು ಕಲಾ ನಿರ್ದೇಶಕರ ಅಜ್ಞಾನವಲ್ಲ. ಹದಿನಾರಕ್ಕೆ ಒಂಬತ್ತರ ಅಗಲ ಚೌಕಟ್ಟಿನಲ್ಲಿ ಅಳುವ ಮುಖವೂ ಹಾರದ ಫೋಟೋವೂ ಒಟ್ಟಿಗೆ ಬರಬೇಕಾದರೆ ಫೋಟೋ ಕೆಳಗಿಳಿಯಲೇಬೇಕು. ಕ್ಯಾಮೆರಾದ ಅನುಕೂಲಕ್ಕೆ ಹಿರಿಯರು ಜಾಗ ಬದಲಿಸಿದ್ದಾರೆ.

ಧಾರಾವಾಹಿಗೆ ಹೋಗುವ ಮುಂಚೆ ಊರಿನ ಸ್ಟುಡಿಯೋ ಕೆಲಸವನ್ನು ನೋಡಬೇಕು. ತಾಲ್ಲೂಕು ಕೇಂದ್ರದ ಫೋಟೋ ಸ್ಟುಡಿಯೋಗೆ ಬರುವ ಒಂದು ಖಾಯಂ ಬೇಡಿಕೆ ಸತ್ತವರ ಫೋಟೋ. ಎಷ್ಟೋ ಸಲ ಆ ವ್ಯಕ್ತಿಯ ಒಳ್ಳೆಯ ಚಿತ್ರವೇ ಇರುವುದಿಲ್ಲ. ಮತದಾರರ ಗುರುತಿನ ಚೀಟಿ, ಆಧಾರ್, ಇಲ್ಲವೇ ಯಾರದೋ ಮದುವೆ ಆಲ್ಬಮ್‌ನ ಮೂಲೆಯಲ್ಲಿ ಊಟಕ್ಕೆ ಕೂತ ಮುಖ. ಅದನ್ನು ಕತ್ತರಿಸಿ, ದೊಡ್ಡದು ಮಾಡಿ, ಅರೆಮುಚ್ಚಿದ ಕಣ್ಣು ತೆರೆಸಿ, ಹೆಗಲಿಗೆ ಜರತಾರಿ ಶಲ್ಯವನ್ನೋ ಮೈಗೆ ಕೋಟನ್ನೋ ತೊಡಿಸಿ, ಹಿಂದೆ ನೀಲಿ ಬಣ್ಣ ತುಂಬಿದರೆ ಹನ್ನೊಂದನೇ ದಿನಕ್ಕೆ ಚಿತ್ರ ಸಿದ್ಧ. ಅದೇ ಕಡತ ಬಸ್‌ಸ್ಟ್ಯಾಂಡಿನ ಶ್ರದ್ಧಾಂಜಲಿ ಫ್ಲೆಕ್ಸ್‌ಗೂ ಹೋಗುತ್ತದೆ. ತಲೆ ಕೂರಿಸಲು ತಯಾರಾಗಿಟ್ಟ ಕೋಟು-ಪಂಚೆಗಳ ಮೈಗಳು ಕಂಪ್ಯೂಟರಿನಲ್ಲಿ ಇದ್ದೇ ಇರುತ್ತವೆ. ಕಂಪ್ಯೂಟರಿಗೆ ಮುಂಚೆ ಇದನ್ನೇ ಕುಂಚ, ಸೀಸದಕಡ್ಡಿ, ಕತ್ತರಿ, ಗೋಂದು ಮಾಡುತ್ತಿದ್ದವು. ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೋಗಳನ್ನು ಅಧ್ಯಯನ ಮಾಡಿದ ಕ್ರಿಸ್ಟೋಫರ್ ಪಿನ್ನಿ 1997ರ ತಮ್ಮ ‘ಕ್ಯಾಮೆರಾ ಇಂಡಿಕಾ’ದಲ್ಲಿ ತೋರಿಸಿರುವುದು ಬಹುಮಟ್ಟಿಗೆ ಇದನ್ನೇ: ನಮ್ಮ ಸಣ್ಣ ಊರುಗಳಲ್ಲಿ ಫೋಟೋ ಎಂದರೆ ಸಿಕ್ಕಿದ್ದನ್ನು ಸೆರೆಹಿಡಿಯುವುದಲ್ಲ, ಬೇಕಾದ್ದನ್ನು ಕಟ್ಟುವುದು.

ಧಾರಾವಾಹಿಯ ಕಲಾ ವಿಭಾಗವೂ ಇದೇ ಕಸುಬನ್ನು ತಿರುಗಾಮುರುಗಾ ಮಾಡುತ್ತದೆ. ಸ್ಟುಡಿಯೋದವನು ಸತ್ತವರನ್ನು ಬದುಕಿದ್ದಂತೆ ಕೂರಿಸುತ್ತಾನೆ. ಇವರು ಬದುಕಿರುವ ನಟರನ್ನು ಸತ್ತಂತೆ ತೂಗುಹಾಕುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ಶೂಟಿಂಗ್ ಮನೆಗೆ ಹೋದ ಕೂಡಲೇ ಮೊದಲ ಕೆಲಸ ಮಾಲೀಕರ ಸ್ವಂತ ಫೋಟೋಗಳನ್ನು ಇಳಿಸುವುದು. ಮೊಳೆ ಅಲ್ಲೇ ಇರುತ್ತದೆ, ಗೋಡೆಯ ಮೇಲೆ ಚೌಕಟ್ಟಿನಾಕಾರದ ಮಾಸದ ಬಣ್ಣ ಉಳಿದಿರುತ್ತದೆ. ಅದನ್ನು ಮುಚ್ಚುವ ಅಳತೆಯ ಫ್ರೇಮ್ ಹುಡುಕುವುದೇ ಎಷ್ಟೋ ಸಲ ಚಿತ್ರದ ಗಾತ್ರವನ್ನು ತೀರ್ಮಾನಿಸುತ್ತದೆ. ಮುಖಕ್ಕಾಗಿ ನಟರ ಲುಕ್ ಟೆಸ್ಟ್ ದಿನ ತೆಗೆದ ಸ್ಟಿಲ್‌ಗಳಲ್ಲಿ ಒಂದನ್ನು ಆರಿಸುತ್ತಾರೆ. ಕುಟುಂಬದ ಗುಂಪು ಫೋಟೋ ಬೇಕಾದಾಗ ಎಲ್ಲ ನಟರ ಡೇಟ್ ಒಂದೇ ದಿನ ಸಿಗುವುದು ಅಪರೂಪ. ಹಾಗಾಗಿ ಒಬ್ಬೊಬ್ಬರನ್ನೇ ತೆಗೆದು ಜೋಡಿಸುತ್ತಾರೆ. ಜೋಡಣೆ ಕೆಡುವುದು ಕತ್ತರಿಸಿದ ಅಂಚಿನಲ್ಲಿ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಕೆಡುವುದು ಬೆಳಕಿನಲ್ಲಿ. ಒಬ್ಬರ ಮೂಗಿನ ನೆರಳು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಬಿದ್ದರೆ ಯಾವ ಫೋಟೋಶಾಪೂ ಕಾಪಾಡುವುದಿಲ್ಲ. ಅಚ್ಚು ಹಾಕುವುದು ಮ್ಯಾಟ್ ಕಾಗದದ ಮೇಲೆ. ಗಾಜನ್ನು ತೆಗೆದುಬಿಡುತ್ತಾರೆ, ಇಲ್ಲವೇ ಫ್ರೇಮಿನ ಹಿಂದೆ ಮೇಲ್ತುದಿಗೆ ಒಂದು ತುಂಡು ಮರ ಸಿಕ್ಕಿಸಿ ಅದನ್ನು ಮುಂದಕ್ಕೆ ಬಾಗಿಸುತ್ತಾರೆ. ದೀಪದ ಪ್ರತಿಫಲನ ಲೆನ್ಸ್ ತಪ್ಪಿಸಿಕೊಂಡು ನೆಲಕ್ಕೆ ಹೋಗುತ್ತದೆ. ಶ್ರೀನಿವಾಸಪುರದ ದಾರ ಕಟ್ಟಿದ ಬಾಗು ಇಲ್ಲಿ ಬೇರೆ ಕಾರಣಕ್ಕೆ ಮರಳಿ ಬರುತ್ತದೆ.

ಈ ಕೆಲಸಕ್ಕೆ ಎಷ್ಟು ನಾಜೂಕು ಬೇಕು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ, ಮತ್ತು ಅದನ್ನು ಲೆಕ್ಕ ಹಾಕಬಹುದು. ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರು ಸೀಮೆಯಿಂದ ಬಂದ ಟಿ.ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಂದಿಗೆ ಸೇರಿ ದೂರದರ್ಶನಕ್ಕೆ ‘ಮಾಯಾಮೃಗ’ ಮಾಡಿದ 1998ರ ಹೊತ್ತಿಗೆ ಟಿವಿ ಚಿತ್ರದಲ್ಲಿ ಕಾಣುತ್ತಿದ್ದ ಗೆರೆಗಳು 576. ಎಂಟು ಅಡಿ ಗೋಡೆ ಪೂರ್ತಿ ತುಂಬಿದ ದೃಶ್ಯದಲ್ಲಿ ಒಂದು ಅಂಗುಲಕ್ಕೆ 6 ಗೆರೆ; ಫೋಟೋದೊಳಗಿನ ಮೂರು ಅಂಗುಲದ ಮುಖಕ್ಕೆ 18. ಹದಿನೆಂಟು ಗೆರೆಗಳಲ್ಲಿ ಮೀಸೆ ಇದೆಯೋ ಇಲ್ಲವೋ ಎಂದಷ್ಟೇ ತಿಳಿಯುತ್ತದೆ. 1080 ಗೆರೆಗಳ ಎಚ್‌ಡಿಯಲ್ಲಿ ಅದೇ ಮುಖಕ್ಕೆ ಸುಮಾರು 34 ಸಿಗುತ್ತದೆ. ಜೊತೆಗೆ ಈಗಿನ ನೋಡುಗ ಮೊಬೈಲಿನಲ್ಲಿ ದೃಶ್ಯ ನಿಲ್ಲಿಸಿ, ಹಿಗ್ಗಿಸಿ, ಸ್ಕ್ರೀನ್‌ಶಾಟ್ ಹಂಚುತ್ತಾನೆ. ಅಂದು ಕಣ್ಣಿಗೆ ಬೀಳದೆ ಹೋಗುತ್ತಿದ್ದ ಒರಟು ಜೋಡಣೆ ಇಂದು ಸಂಜೆಯೊಳಗೆ ನಗೆಪಾಟಲು.

ಹೀಗಿದ್ದೂ ಹಳೆತನದ ವಿಷಯದಲ್ಲಿ ನಮ್ಮ ಧಾರಾವಾಹಿಗಳು ಮೊಂಡುತನ ಬಿಟ್ಟಿಲ್ಲ. ‘ಹಳೆಯದು’ ಎನ್ನಿಸಬೇಕಾದ ಎಲ್ಲವಕ್ಕೂ ಒಂದೇ ಕಂದು ಬಣ್ಣ. ಶ್ರೀನಿವಾಸಪುರದ ಗೋಡೆ ಇದನ್ನು ಒಪ್ಪುವುದಿಲ್ಲ. 1980ರ ದಶಕದ ಬಣ್ಣದ ಮದುವೆ ಫೋಟೋಗಳು ಕಂದಾಗಿಲ್ಲ, ಕೆಂಪಾಗಿವೆ. ಆ ಕಾಲದ ಬಣ್ಣದ ಕಾಗದದಲ್ಲಿ ಹಸಿರುನೀಲಿ ವರ್ಣದ್ರವ್ಯ ಕತ್ತಲಲ್ಲಿಟ್ಟರೂ ಸೋರಿಹೋಗುತ್ತದೆ. ಉಳಿಯುವುದು ಗುಲಾಬಿ ಮುಖ, ಇಟ್ಟಿಗೆ ಬಣ್ಣದ ಹುಲ್ಲು. ಕಪ್ಪು-ಬಿಳುಪು ಚಿತ್ರ ಮಾಸುವ ಬಗೆಯೇ ಬೇರೆ. ಬೆಳ್ಳಿಯ ಚಿತ್ರವನ್ನು ಹೈಪೋದಲ್ಲಿ ಸ್ಥಿರಗೊಳಿಸಿದ ಮೇಲೆ ದಪ್ಪ ನಾರುಕಾಗದವನ್ನು ಹರಿಯುವ ನೀರಿನಲ್ಲಿ ಒಂದು ಗಂಟೆಯಷ್ಟು ತೊಳೆಯಬೇಕು. ತೊಳೆತ ಸಾಲದಿದ್ದರೆ ಉಳಿದ ಹೈಪೋ ಬೆಳ್ಳಿಯನ್ನು ಸಲ್ಫೈಡ್ ಮಾಡುತ್ತದೆ, ಚಿತ್ರ ಹಳದಿಗಂದು ಕಲೆಗಳಾಗಿ, ಒಂದೊಂದು ಕಡೆ ಒಂದೊಂದು ಥರ ಮಾಸುತ್ತದೆ. ಬತ್ತದ ನದಿಯೇ ಇಲ್ಲದ, ಕೆರೆ ಮತ್ತು ಕೊಳವೆಬಾವಿಯನ್ನೇ ನಂಬಿದ ಕೋಲಾರದಂಥ ಜಿಲ್ಲೆಯಲ್ಲಿ ಒಂದು ಫೋಟೋಗೆ ಗಂಟೆ ಹೊತ್ತು ನೀರು ಹರಿಸುವವರು ಯಾರು? ಇಲ್ಲಿನ ಹಳೆಯ ಚಿತ್ರಗಳ ಕಲೆಗಳಲ್ಲಿ ನೀರಿನ ಬರಗಾಲದ ಚರಿತ್ರೆಯೂ ಇರಬಹುದು ಎಂಬುದು ನನ್ನ ಊಹೆ. ರಸಾಯನಶಾಸ್ತ್ರ ಬಲ್ಲವರು ಪರೀಕ್ಷಿಸಿ ನೋಡಲಿ. ಅಂತೂ ಚಹಾ ನೀರಿನಲ್ಲಿ ಅದ್ದಿ ಸಮನಾಗಿ ಕಂದಾಗಿಸಿದ ಪರಿಕರ ಫೋಟೋ ಈ ಊರಿನ ಕಣ್ಣಿಗೆ ಹಳೆಯದಾಗಿ ಕಾಣದು, ಕೊಳೆಯಾಗಿ ಕಾಣುತ್ತದೆ.

ಭಂಗಿಯಲ್ಲೂ ಇದೇ ಎಡವಟ್ಟು. ಹಳೆಯ ಸ್ಟುಡಿಯೋದಲ್ಲಿ ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು, ಇಬ್ಬರೂ ಲೆನ್ಸನ್ನೇ ದಿಟ್ಟಿಸಿ, ನಗದೆ. ಎರಡು ಕಡೆಯಿಂದ ಬಿದ್ದ ಚಪ್ಪಟೆ ಬೆಳಕು, ಹಿಂದೆ ಬರೆದ ಪರದೆ, ಪರದೆಯ ಗೆರೆ ಗೆರೆಯೂ ಸ್ಪಷ್ಟ. ಧಾರಾವಾಹಿಯ ತಾತ ಮುಕ್ಕಾಲು ಪಾಲು ಓರೆಯಾಗಿ ನಿಂತು ಮುಗುಳ್ನಗುತ್ತಾರೆ. ಹಿಂದಿನ ತೋಟ ಮಸುಕು ಮಸುಕು. ಆ ಮಸುಕು ಇವತ್ತಿನ ಲೆನ್ಸಿನ ರುಚಿ, 1965ರದ್ದಲ್ಲ.

ಪರಿಕರ ಫೋಟೋ ಎಷ್ಟು ಭಾರ ಹೊರುತ್ತದೆ ಎಂಬುದು ಗೊತ್ತಾಗುವುದು ನಟರು ಬದಲಾದಾಗ. ಆರೂರು ಜಗದೀಶ್ ನಿರ್ದೇಶನದಲ್ಲಿ 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೇ ರೇ’ಯ ಕನ್ನಡ ರೂಪ. ಸತ್ತುಹೋದ ರಾಜನಂದಿನಿ ಕಥೆಯ ಗುಟ್ಟಿನ ಕೇಂದ್ರ. ಸಂಭಾಷಣೆಯನ್ನು ಭಾಷಾಂತರಿಸಬಹುದು, ಮರಾಠಿ ರಾಜನಂದಿನಿಯ ಮುಖವನ್ನು ತರಲಾಗದು. ಪ್ರತಿ ಭಾಷೆಯೂ ತನ್ನ ಮೃತಳನ್ನು ಹೊಸದಾಗಿಯೇ ಸೃಷ್ಟಿಸಿಕೊಳ್ಳಬೇಕು. 2022ರಲ್ಲಿ ನಾಯಕ ಆರ್ಯವರ್ಧನ್ ಪಾತ್ರದಿಂದ ಅನಿರುದ್ಧ ಹೊರಬಂದು ಹರೀಶ್ ರಾಜ್ ಆ ಜಾಗಕ್ಕೆ ಬಂದರು. ಇಂಥ ಸಂದರ್ಭದಲ್ಲಿ ನೋಡುಗ ಹೊಸ ಮುಖವನ್ನು ಒಂದು ವಾರದಲ್ಲಿ ಒಪ್ಪಿಕೊಂಡಾನು. ಆದರೆ ಹಿಂದಿನ ಗೋಡೆಯಲ್ಲಿ ಹಳೆಯ ಮುಖದ ಒಂದು ಮದುವೆ ಫೋಟೋ ಮರೆತು ಉಳಿದರೆ ಇಡೀ ಒಪ್ಪಂದ ಮುರಿದುಬೀಳುತ್ತದೆ. ಕಂಟಿನ್ಯುಟಿ ನೋಡಿಕೊಳ್ಳುವ ಸಹಾಯಕನಿಗೆ ಮೇಜಿನ ಮೇಲಿನ ಸಣ್ಣ ಫ್ರೇಮುಗಳೇ ದೊಡ್ಡ ತಲೆನೋವು.

ಬದುಕಿರುವವರ ಫೋಟೋಗೆ ಹಾರ ಹಾಕುವುದು ಅಪಶಕುನ ಎಂಬ ಅಳುಕು ಸೆಟ್ಟಿನಲ್ಲೂ ಇದೆ. ಸಾವಿನ ದೃಶ್ಯ ಮುಗಿದ ಮೇಲೆ ನಟರನ್ನು ಕ್ಯಾಮೆರಾ ನೋಡಿ ನಗುವಂತೆ ಕೇಳುವ ರೂಢಿ ದಕ್ಷಿಣದ ಚಿತ್ರರಂಗದಲ್ಲಿ ಹಳೆಯದು. ಚಿಂತಕ ರೋಲಾಂ ಬಾರ್ಥ್ 1980ರ ‘ಕ್ಯಾಮೆರಾ ಲುಸಿಡಾ’ದಲ್ಲಿ, ಫೋಟೋದೊಳಗಿನದು ಒಮ್ಮೆ ನಿಜಕ್ಕೂ ಅಲ್ಲಿತ್ತು ಎಂಬುದೇ ಫೋಟೋದ ತಿರುಳು ಎಂದ. ಹಾರದ ಪರಿಕರ ಫೋಟೋ ಆ ಮಾತಿಗೆ ಸವಾಲು: ಅದರಲ್ಲಿರುವವರು ಇದ್ದದ್ದು ನಿಜ, ಇಲ್ಲವಾದದ್ದು ಸುಳ್ಳು. ಸೆಟ್ಟಿನ ಆ ನಗು ಸುಳ್ಳಿನ ಭಾಗವನ್ನು ತೊಳೆದುಕೊಳ್ಳುವ ಶಾಸ್ತ್ರ.

ಕಾನೂನಿನ ಮಾತು ಸ್ವಲ್ಪ. ಬಜೆಟ್ ಇಲ್ಲದ ತಂಡಗಳಿಗೆ ಯಾರದೋ ನಿಜವಾದ ಹಳೆಯ ಕುಟುಂಬಚಿತ್ರವನ್ನು ಅಂತರ್ಜಾಲದಿಂದ ಎತ್ತಿ ಗೋಡೆಗೆ ಹಾಕುವ ಪ್ರಲೋಭನೆ ಇದ್ದೇ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೇ ವಿಧಿಯಂತೆ, ಬೇರೆ ಕರಾರಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರು, ಸ್ಟುಡಿಯೋದವರಲ್ಲ. 2012ರ ತಿದ್ದುಪಡಿ ಫೋಟೋಗಳಿಗಿದ್ದ ಪ್ರತ್ಯೇಕ ಅವಧಿಯ ವಿಧಿಯನ್ನೇ ತೆಗೆದುಹಾಕಿ, ತೆಗೆದವರ ಜೀವಿತ ಮತ್ತು ಆಮೇಲಿನ 60 ವರ್ಷಕ್ಕೆ ರಕ್ಷಣೆಯನ್ನು ವಿಸ್ತರಿಸಿತು. ಹಿನ್ನೆಲೆಯಲ್ಲಿ ಪ್ರಾಸಂಗಿಕವಾಗಿ ಕಂಡ ಕಲಾಕೃತಿಗೆ 52ನೇ ವಿಧಿಯಲ್ಲಿ ವಿನಾಯಿತಿ ಇದೆ, ನಿಜ. ಆದರೆ ನಾಯಕಿ ಎದುರು ನಿಂತು ಮೂರು ನಿಮಿಷ ಅಳುವ ಫೋಟೋ ಪ್ರಾಸಂಗಿಕ ಎಂದು ವಾದಿಸುವುದು ಕಷ್ಟ. ಕಾನೂನು ಏನೇ ಹೇಳಲಿ, ಒಬ್ಬರ ಅಜ್ಜನನ್ನು ಹೇಳದೆ ಕೇಳದೆ ಇನ್ನೊಬ್ಬರ ಖಳ ಅಜ್ಜನನ್ನಾಗಿ ಮಾಡುವುದು ಅನ್ಯಾಯ.

ಇದರ ತಿರುಗುಬಾಣವೂ ಉಂಟು, ನನಗೆ ಹೆಚ್ಚು ಚಿಂತೆ ಅದರದ್ದೇ. ಧಾರಾವಾಹಿ ಮುಗಿದ ಮೇಲೆ ಪರಿಕರ ಫೋಟೋ ಗುಜರಿಗೆ, ಬಾಡಿಗೆ ಗೋದಾಮಿಗೆ, ಇಲ್ಲವೇ ಅಂತರ್ಜಾಲಕ್ಕೆ ಸೇರುತ್ತದೆ. ಇನ್ನು ಮೂವತ್ತು ವರ್ಷಕ್ಕೆ, ಚೆನ್ನಾಗಿ ಮಾಗಿದ ಒಂದು ಗುಂಪು ಫೋಟೋವನ್ನು ಕೋಲಾರ ಸೀಮೆಯ ಶ್ಯಾನುಭೋಗರ ಕುಟುಂಬವೆಂದು ಯಾರಾದರೂ ನಂಬಿ ಪ್ರಕಟಿಸಿದರೆ ತಡೆಯುವವರಿಲ್ಲ. ಹಳೆಯ ಸ್ಟುಡಿಯೋಗಳು ಈ ವಿಷಯದಲ್ಲಿ ನಮಗಿಂತ ಶಿಸ್ತಿನವು: ಚಿತ್ರದ ಬೆನ್ನಿಗೆ ರಬ್ಬರ್ ಮುದ್ರೆ, ಊರಿನ ಹೆಸರು, ನೆಗೆಟಿವ್ ಸಂಖ್ಯೆ. ಕನ್ನಡ ಧಾರಾವಾಹಿಗಳ ಕಲಾ ವಿಭಾಗದವರಲ್ಲಿ ಕೋರಿಕೆ ಒಂದೇ. ಫ್ರೇಮು ಮುಚ್ಚುವ ಮುನ್ನ ಹಿಂಬದಿಯಲ್ಲಿ ಧಾರಾವಾಹಿಯ ಹೆಸರು, ಪಾತ್ರ, ನಟರ ಹೆಸರು, ತೆಗೆದ ದಿನಾಂಕ ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಇಂಕು ಬೇಡ, ಕಾಗದಕ್ಕೆ ಇಳಿಯುತ್ತದೆ.